ವಾರಗಿತ್ತಿ ತಲ್ಯಾಗಿನ ತಾಯಿ ಕಣ

ನಮ್ಮ ಯೆಣೆಗೂರ ಮನಿಗಿ ಜಡ್ಡು ಸುದ್ದಾ ಸುಮ್ಮನ ಬರೂದಿಲ್ಲ, ಬಗಲಾಗ ಒಂದು ನಗಿ ಇಟಗೊಂಡೇ ಬರತದ. ನನ್ನ ವಾರಗಿತ್ತಿ ತಲ್ಯಾಗ ಗಡ್ಡಿ ಆದಾಗನೂ ಹಂಗೇ ಆಯ್ತು.

೧. ಕೋಳಿ

ತಲಿ ತೆರದಾಗ ಆಕಿ ಎಚ್ಚರಿದ್ದು ಮಾತಾಡತಿರಬೇಕು, ಇಲ್ಲಾಂದ್ರ ಮಾತಿನ ಜಾಗಾ ಎಲ್ಲಿ ಅದ ಗೊತ್ತಾಗೂದಿಲ್ಲ ಅಂದರು ಸೋಲಾಪುರದ ಡಾಕ್ಟರ. ಏನು ಮಾತಾಡಲಿ ಅಂತ ಕೇಳ್ಯಾಳ. ಏನರ ಹೇಳು ಅಂದಾರ. ಆಕಿ ಊರ ಸುದ್ದಿ ಸುರು ಮಾಡ್ಯಾಳ. ಸರಪಂಚನ ಎರಡನೇ ಸಂಸಾರ, ಮಾಸ್ತರ ಹೇಣ್ತಿ ಕದ್ದ ಕೋಳಿ, ಒಂದೂ ಬಿಟ್ಟಿಲ್ಲ. ಹೊಲಿಗಿ ಹಾಕಿ ಮುಗದ ಮ್ಯಾಲ ನರ್ಸಬಾಯಿ ಹೊರಗ ಓಡಿ ಬಂದಳು. ಹೊರಗ ಕುಂತಿದ್ದ ನಾ ಧಡಕ್ಕನ ಎದ್ದು ನಿಂತೆ.

"ಅಜ್ಜಿ, ಆ ಕೋಳಿದು ಮುಂದೇನಾಯ್ತ್ರೀ?"

೨. ಓಣಿ

ವರ್ಷ ತುಂಬೂದರಾಗ ಗಡ್ಡಿ ತಿರುಗಿ ಬಂತು. ಪೂರಾ ತೆಗದೀವಿ ಅಂದಿದ್ರಲ್ರೀ ಅಂತ ನಾ ಜಗಳಕ್ಕ ನಿಂತೆ. ಡಾಕ್ಟರ ಸಮಾಧಾನದಿಂದ ಹೇಳಿದರು. ಗಡ್ಡಿಯೊಳಗಿನ ಜೀವಕಣ ಎಲ್ಲಾ ಒಂದೇ ತರದವಲ್ಲಂತ. ಭಾಳಷ್ಟು ಔಷಧಕ್ಕ ಸಾಯತಾವ. ಒಂದಿಷ್ಟು ಮಾತ್ರ ತಾಯಿ ಕಣ ಇದ್ದಂಗ. ಔಷಧ ಬಂದಾಗ ಉಸಿರು ಹಿಡದು ಕುಂತಿರತಾವ, ಆಮ್ಯಾಲ ಎದ್ದು ತಮ್ಮಂಥವನ್ನೂ ಬ್ಯಾರೆ ತರದವನ್ನೂ ಹಡದು ಗಡ್ಡಿ ಮತ್ತ ಕಟ್ಟತಾವ.

ವಾರಗಿತ್ತಿ ನನ್ನ ಕಡಿ ಬೊಟ್ಟು ಮಾಡಿದಳು. "ತಿಳೀತ್ರೀ ಸಾಹೇಬ. ನಮ್ಮ ಓಣ್ಯಾಗ ಹಿರೇರು ಬಂದು ಎಲ್ಲಾರ ಬಾಯಿ ಮುಚ್ಚಸ್ತಾರ. ಈಕಿ ಒಬ್ಬಾಕಿ ಸೆರಗ ಹೊತ್ತು ಮೂಲ್ಯಾಗ ಕುಂತಿರತಾಳ. ಎಂಟು ದಿನಕ್ಕ ಸುದ್ದಿ ಮೊದಲಿನಕಿಂತ ದೊಡ್ಡದು."

ಡಾಕ್ಟರ ಚಷ್ಮಾ ತೆಗದು ನನ್ನ ನೋಡಿದರು. "ಹೌದಾ, ಅವರು ಇವರೇ ಏನ್ರೀ? ಆಪರೇಶನ್ದಾಗ ಇವರ ಸುದ್ದೀನೂ ಕೇಳೀನಿ."

೩. ಕಂಬಳಿ

ಮನಿಗಿ ಬಂದಾಕಿ, ಇನ್ನ ಔಷಧ ಸಾಕು, ಆ ತ್ರಾಸ ತಡಿಯಾಂಗಿಲ್ಲ ಅಂತ ಗ್ವಾಡಿಗಿ ಮಾರಿ ಮಾಡಿ ಮಲಗಿದಳು. ಆಕಿ ಮಗ ಅತ್ತ. ನನಗ ನಮ್ಮ ಬೀಸೂಕಲ್ಲು ನೆನಪಾಯ್ತು. ಹೊಸ ಸೊಸ್ತೇರು ಇಬ್ಬರೂ ಎದುರಾಬದುರ ಕುಂತು, ಜ್ವಾಳದ ಜೋಡಿ ಊರನ್ನೂ ಬೀಸತಿದ್ವಿ. ಹಿಟ್ಟಿಗಿಂತ ಮಾತೇ ಸಣ್ಣಗ ಬಿದ್ದಾವ ಅಂತ ಮಾವ ಕೋಲು ಬಡದು ಬೈತಿದ್ದ. ಈಗ ಗಿರಣಿ ಬಂದದ. ಖರೇ, ಆಕಿ ಹೋದರ ನಾ ಯಾರ ಜೋಡಿ ಬೀಸಲಿ?

ಆಕಿಗಿ ಒಂದು ಆಸೆ ಉಳದದ ಅಂತ ನನಗ ಗೊತ್ತಿತ್ತು. ನನ್ನ ತವರು ವಲಾಂಡಿ. ನಮ್ಮ ಹರೇದಾಗ ಅಲ್ಲಿ ಪಾಟೀಲರ ಸೊಸಿ ಉದಗೀರ ಬಸ್ ಹತ್ತಿ ಓಡಿ ಹೋದಳು. ಬಾಜೂಕ ಕಂಬಳಿ ಮುಸುಕ ಹಾಕಿದಾಂವ ಒಬ್ಬ. ಅದೇ ಬಸ್ಸಿನಾಗ ನಾನೂ ಇದ್ದೆ. "ಮಾರಿ ನೋಡೀನಿ, ಹೆಸರು ಹೇಳೂದಿಲ್ಲ" ಅಂತ ಇಷ್ಟು ವರ್ಷ ಮೆರದೀನಿ. ಆಕಿ ಎಷ್ಟು ಗೋಗರದರೂ ಬಾಯಿ ಬಿಟ್ಟಿಲ್ಲ.

"ಕಡೀ ಡೋಸ ಮುಗೀಲಿ, ಆ ಕಂಬಳಿಯಾಂವ ಯಾರಂತ ಹೇಳತೀನಿ," ಅಂದೆ.

ಆಕಿ ಗ್ವಾಡಿ ಬಿಟ್ಟು ಈ ಕಡಿ ಹೊರಳಿ ಮಗನ ಕೇಳಿದಳು, "ಸೋಲಾಪುರ ಬಸ್ ಎಷ್ಟಕ್ಕ ಅದ?"

ಈಗ ಎರಡೇ ಡೋಸ ಉಳದಾವ. ಆಕಿ ಮಾರಿ ಮ್ಯಾಲ ಕಳಾ ಬಂದದ, ನನಗ ನಿದ್ದಿ ಹೋಗ್ಯಾದ. ಯಾಕಂದ್ರ ನನಗ ಬಸ್ ಆಗಿ ಬರೂದಿಲ್ಲ. ಅವತ್ತು ಉದಗೀರ ಮಟ ಖಿಡಕಿ ಹೊರಗ ತಲಿ ಹಾಕಿ ಕಾರಕೋತ ಹೋಗೀನಿ, ಆ ಮಾರಿ ನೋಡೇ ಇಲ್ಲ. ಯಾರ ಹೆಸರು ಹೇಳಿದರ ಆಕಿಗಿ ಸಮಾಧಾನ ಆಗತದ ಅಂತ ಸತ್ತವರನ್ನೆಲ್ಲಾ ದಿನಾ ಒಬ್ಬೊಬ್ಬರಾಗಿ ನೆನಸಾಕತ್ತೀನಿ.

ಸದ್ಯಕ್ಕ ಎಲ್ಲಾರಿಗಿಂತ ಮುಂದ ಇರಾಂವ ನಮ್ಮ ಮಾವ.