ಟೈರ್ ಅಂಗಡಿಗೆ ಬಂದ ಕಾರ್ ರೇಸು

ಇಂಡಿ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಟೈರ್ ಅಂಗಡಿ. ಎದುರಿಗೆ ಮಷಿನ್ನಿನಿಂದ ಟೈರು ಬಿಚ್ಚುವ ಹೊಸ ಅಂಗಡಿ ಬಂದ ಮೇಲೆ ನನ್ನ ಗಿರಾಕಿಗಳು ಒಬ್ಬೊಬ್ಬರಾಗಿ ಅತ್ತ ಸರಿಯತೊಡಗಿದರು. ಉಳಿದವರನ್ನಾದರೂ ಹಿಡಿದಿಡೋಣವೆಂದು ಒಂದು ಟಿವಿ ತಂದಿಟ್ಟೆ. ಅದರಲ್ಲಿ ಪರದೇಶದ ಯಾವುದೋ ಪಟ್ಟಣದ ಬೀದಿಗಳಲ್ಲಿ ನಡೆಯುವ ಕಾರ್ ರೇಸು ಬಂತೆಂದರೆ, ಅಂಗಡಿಯಲ್ಲಿ ಏನಾದರೊಂದು ಆಗಿಯೇ ತೀರುತ್ತದೆ. ರೇಸು ನನಗೂ ಪೂರ್ತಿ ತಿಳಿಯುವುದಿಲ್ಲ. ಟಿವಿ ನನ್ನದಾದ್ದರಿಂದ ಎಲ್ಲರೂ ನನ್ನನ್ನೇ ಕೇಳುತ್ತಾರೆ, ಅಷ್ಟೇ.

ದಾರಿ ತಪ್ಪಿದವರು

ಗೊಳಸಂಗಿಯ ಗೌಡರೊಬ್ಬರು ಮೋಟಾರ್ ಸೈಕಲ್ಲಿನ ಪಂಕ್ಚರ್ ತೆಗೆಸಲು ಬಂದು ಟಿವಿ ಮುಂದೆ ಕುಳಿತರು. ಬಹಳ ಹೊತ್ತು ನೋಡಿ ಕೇಳಿದರು, "ಇವರೆಲ್ಲಾ ಎಲ್ಲಿಗಿ ಹೊಂಟಾರ?"

"ಎಲ್ಲಿಗೂ ಇಲ್ರಿ. ಊರೆಲ್ಲಾ ಸುತ್ತಿ ಹೊಳ್ಳಿ ಅಲ್ಲೇ ಬರ್ತಾರ."

"ಬಂದ ಮ್ಯಾಲ?"

"ಮತ್ತ ಹೋಗ್ತಾರ್ರಿ."

ಗೌಡರಿಗೆ ನಿಜವಾಗಿಯೂ ಮರುಕ ಬಂತು. "ದಾರಿ ತಪ್ಪ್ಯಾರ, ಪಾಪ. ಅಷ್ಟು ಮಂದಿ ಬದಿಗಿ ನಿಂತು ನೋಡಾಕತ್ತಾರ, ಒಬ್ಬರಾದ್ರೂ ಕೈ ಮಾಡಿ ನಿಂದ್ರಿಸಿ ದಾರಿ ಹೇಳಬಾರದ?"

ಕುರಿ ಬಂದವು

ಇನ್ನೊಮ್ಮೆ ಸಿಂದಗಿ ಕಡೆಯ ಕುರಿಗಾರ ಬಾಗಿಲಲ್ಲೇ ನಿಂತು ನೋಡುತ್ತಿದ್ದ. "ಊರಾಗ ಹಿಂಗ ಓಡಿಸಿದ್ರ ಕುರಿ ದಾಟೂದು ಹ್ಯಾಂಗ್ರಿ?" ಎಂದ. ಅಲ್ಲಿ ಕುರಿ ಇಲ್ಲವೆಂದೆ. ಅವನು ನಂಬಲಿಲ್ಲ.

ಅಷ್ಟರಲ್ಲಿ ಎಲ್ಲೋ ಒಂದು ಕಾರು ಗೋಡೆಗೆ ತಾಗಿತು. ಎಲ್ಲಕ್ಕೂ ಮುಂದೆ, ನೆತ್ತಿಯ ಮೇಲೆ ದೀಪ ಹೊತ್ತ ಬೇರೊಂದು ಕಾರು ಬಂತು, ಉಳಿದವೆಲ್ಲ ಅದರ ಹಿಂದೆ ಸಾಲಾಗಿ ನಿಧಾನ ಹೊರಟವು.

"ಬಂದೂ ನೋಡ್ರಿ ಕುರಿ!" ಎಂದ ಅವನು. ದಾರಿ ಸ್ವಚ್ಛ ಮಾಡುವ ತನಕ ಹೀಗೆ ಹೋಗುತ್ತಾರೆಂದು ನಾನು ಹೇಳಹೊರಟೆ.

"ನೀವು ಕುರಿ ಕಾಯ್ದೀರೇನ್ರಿ?"

"ಇಲ್ಲ."

"ಮತ್ತ ಸುಮ್ಮನಿರ್ರಿ."

ಸ್ವಲ್ಪ ಹೊತ್ತಿಗೆ ಕಾರುಗಳು ಮತ್ತೆ ಚಿಮ್ಮಿದವು. "ದಾಟಿದೂ" ಎಂದು ಹೇಳಿ ಅವನು ನೆಮ್ಮದಿಯಿಂದ ಹೊರಟುಹೋದ.

ನಾಲ್ಕೂ ಗಾಲಿ ಒಮ್ಮೆಲೆ

ಸಿಂದಗಿಗೆ ಮಂದಿ ಒಯ್ಯುವ ಟೆಂಪೊದ ಡ್ರೈವರ್ ನನ್ನ ಗಿರಾಕಿಗಳಲ್ಲೇ ಎಲ್ಲರಿಗಿಂತ ಹಳಬ. ಟೈರು ಒಂದೇ ಸಮ ಸವೆಯಲೆಂದು ಗಾಲಿ ಹಿಂದು-ಮುಂದು ಮಾಡಿಸಲು ಬಂದಿದ್ದ. ರೇಸಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ನಾಲ್ಕೂ ಗಾಲಿ ಬದಲಿಸಿದ್ದನ್ನು ಅವನು ನೋಡಿಬಿಟ್ಟ. "ನೀ ಅರ್ಧ ದಿನ ಮಾಡ್ತಿ. ನಾ ಎದುರಿನ ಅಂಗಡಿಗೆ ಹೊಕ್ಕೇನಿ" ಎಂದ. ಇವನೂ ಹೋದರೆ ಟಿವಿ ನೋಡಲು ನಾನೊಬ್ಬನೇ ಉಳಿಯುತ್ತಿದ್ದೆ.

"ನೀ ಚಾ ಕುಡಿದು ಬಾ. ಅಷ್ಟರಾಗ ಮುಂದಿನ ಗಾಲಿ ಹಿಂದ, ಹಿಂದಿನ ಗಾಲಿ ಮುಂದ ಹಾಕಿರ್ತೇನಿ" ಎಂದುಬಿಟ್ಟೆ.

ಅಕ್ಕಪಕ್ಕದ ದರ್ಜಿ, ಕ್ಷೌರಿಕ, ಪಾನ್ ಅಂಗಡಿಯವ, ನಾನು, ಒಬ್ಬೊಬ್ಬರಿಗೆ ಒಂದೊಂದು ಗಾಲಿ. ಟೆಂಪೊ ಎತ್ತಿ ಕಲ್ಲಿನ ಮೇಲೆ ನಿಲ್ಲಿಸಿ ನಾಲ್ಕೂ ಬಿಚ್ಚಿದೆವು. ಯಾವುದು ಮುಂದಿನದು, ಯಾವುದು ಹಿಂದಿನದು ಎಂದು ಅಲ್ಲೇ ಜಗಳ ಹತ್ತಿತು. ಟೆಂಪೊ ಸುತ್ತ ಗದ್ದಲ ಕಂಡರೆ ನಮ್ಮ ಮಂದಿಗೆ ಒಂದೇ ಅರ್ಥ, ಗಾಡಿ ಹೊರಟಿದೆ. ಯಾರೋ ಸೀಟು ಹಿಡಿಯಲು ಕಿಟಕಿಯೊಳಗಿಂದ ಟವೆಲ್ ಎಸೆದರು. ನಾವು ತಲೆ ಎತ್ತುವಷ್ಟರಲ್ಲಿ ಟೆಂಪೊ ತುಂಬಿತ್ತು.

"ಇಳೀರಿ, ಗಾಡಿಗಿ ಗಾಲೀನ ಇಲ್ಲ!" ಎಂದು ಕೂಗಿದೆ.

ಮುಂದಿನ ಸೀಟಿನ ಅಜ್ಜ ಬಗ್ಗಿ ನೋಡಿದ, ಇಲ್ಲವೆಂದು ಖಾತ್ರಿ ಮಾಡಿಕೊಂಡ, ಮತ್ತೆ ನೆಟ್ಟಗೆ ಕುಳಿತ. "ಗಾಲಿ ನೀ ಹಚ್ಚತಿ. ಇಳಿದ್ರ ಸೀಟ ಯಾರು ಕೊಡ್ತಾರ?"

ಅಷ್ಟರಲ್ಲಿ ಡ್ರೈವರ್ ಚಾ ಕುಡಿದು ಬಂದ. ಕಲ್ಲಿನ ಮೇಲೆ ಕುಳಿತ ತನ್ನ ಟೆಂಪೊ ನೋಡಿದ, ಕಿಟಕಿಯಲ್ಲಿ ನೇತಾಡುವ ಚೀಲಗಳನ್ನು ನೋಡಿದ. ನನ್ನ ಕತೆ ಮುಗಿಯಿತೆಂದುಕೊಂಡೆ. ಅವನು ಹತ್ತಿರ ಬಂದು ಮೆಲ್ಲಗೆ ಹೇಳಿದ:

"ಸ್ಟ್ಯಾಂಡಿನಾಗ ಗಂಟಲ ಹರಿಯೂ ಹಂಗ ಸಿಂದಗಿ ಸಿಂದಗಿ ಅಂತ ಒದರಿದ್ರೂ ಅರ್ಧ ಗಾಡಿ ತುಂಬಂಗಿಲ್ಲೋ. ಇನ್ನ ಮ್ಯಾಲ ದಿನಾ ನಿನ್ನ ಅಂಗಡಿಗೇ ಬರ್ತೇನಿ. ಗಾಲಿ ಬಿಚ್ಚಿಡು, ಸೀಟ ತುಂಬಿದ ಮ್ಯಾಲ ಹಚ್ಚು."