ಕೆಂಪು ಕಣಿವೆಯಲ್ಲಿ ಬುತ್ತಿ ಕಾದವಳು

ಕೊಂಚ ಹತ್ತಿರ ಬನ್ನಿ. ಬಾಗಿಲು ಮುಂದಕ್ಕೆ ಮಾಡಿ. ಈಗ ಹೇಳುವುದು ನಿಮ್ಮ ಕಿವಿಯಲ್ಲೇ ಇರಬೇಕು. ಮನೆಯವರಿಗೂ ಹೇಳಕೂಡದು, ಗಂಡಸರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ನನ್ನನ್ನು ನೋಡಿ, ನಮ್ಮ ಬೀದಿಯವರನ್ನು ಬಿಟ್ಟರೆ ಇನ್ನು ಒಬ್ಬರ ಹತ್ತಿರವೂ ಬಾಯಿ ಬಿಟ್ಟಿಲ್ಲ.

ಹಲಸೂರಿನ ನಮ್ಮ ಬೀದಿಯ ಜನವನ್ನು ಒಂದು ವ್ಯಾನಿನಲ್ಲಿ ತುಂಬಿ ಊರಾಚೆ ಇಳಿಸಿದರೆ ಏನಾದರೊಂದು ಆಗಿಯೇ ತೀರುತ್ತದೆ. ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಆಂಧ್ರದ ಗಂಡಿಕೋಟಕ್ಕೆ ಹೋಗಿ ಬರುವುದು ನಮ್ಮ ವಾಡಿಕೆ. ಬೆಳಕು ಹರಿಯುವ ಮೊದಲೇ ಹೊರಡಬೇಕು. ಅಲ್ಲಿ ನೋಡಿದ ಕಡೆಯೆಲ್ಲ ಕೆಂಪು ಬಂಡೆ, ಜಾಲಿಮುಳ್ಳು, ಮರಳುಗಾಡಿನಂಥ ಬಿಸಿಲು. ಬಂಡೆಗಳ ನಡುವೆ ಪಾತಾಳದಂಥ ಕಣಿವೆ, ಅದರ ತಳದಲ್ಲಿ ನದಿ.

ಈ ಟೂರಿನ ಯಜಮಾನಿ ನಮ್ಮ ಎದುರುಮನೆಯಾಕೆ. ನನ್ನದೇ ವಯಸ್ಸು, ಇಬ್ಬರೂ ಒಂದೇ ಕಾಲಕ್ಕೆ ಈ ಬೀದಿಗೆ ಸೊಸೆಯರಾಗಿ ಬಂದವರು. ವ್ಯಾನು ಮಾತಾಡುವುದು ಆಕೆ, ಯಾರು ಎಲ್ಲಿ ಕೂರಬೇಕು ಅನ್ನುವುದು ಆಕೆ, ಪುಳಿಯೋಗರೆ ಕಲಸುವುದೂ ಆಕೆ. ಟೂರಿನಿಂದ ಬಂದ ಮಾರನೆಯ ದಿನ ಜಗಲಿಯ ಮೇಲೆ ಕೂತು, ಬಾರದವರಿಗೆಲ್ಲ ಕಣಿವೆಯನ್ನು ವರ್ಣಿಸುವುದೂ ಆಕೆಯೇ. "ದೋಸೆ ಪೇರಿಸಿಟ್ಟಂಗಿದೆ ಕಣ್ರೇ ಬಂಡೆಗಳು. ಕೆಳಗೆ ನದಿ ಹಾವಿನ ಥರ ಹೊರಳ್ಕೊಂಡು ಹೋಗತ್ತೆ." ಆ ಯಜಮಾನಿಕೆ ತಪ್ಪಿದರೆ ಆಕೆಗೆ ಅನ್ನ ಸೇರುವುದಿಲ್ಲ. ಬೀದಿಯಲ್ಲಿ ಅರ್ಧ ಮನೆ ಒಡೆದು ಫ್ಲ್ಯಾಟು ಎದ್ದಿವೆ. ಹೊಸದಾಗಿ ಬಂದವರು "ಪ್ರತಿ ಸಲ ಅದೇ ಕಲ್ಲು ಯಾಕೆ, ರೆಸಾರ್ಟಿಗೆ ಹೋಗೋಣ" ಅಂತ ಗೊಣಗುತ್ತಲೇ ಇದ್ದರು. ಆಕೆಯನ್ನು ಇಳಿಸಲು ಒಂದು ನೆಪ ಸಿಕ್ಕಿದ್ದರೆ ಸಾಕಿತ್ತು.

ಮುಂದಿನ ಸೀಟು

ಹಳೆಯ ದಿನಗಳಲ್ಲಿ ಡ್ರೈವರ್ ಪಕ್ಕದ ಸೀಟಿಗೆ ಎಷ್ಟು ಕಿತ್ತಾಟ ಗೊತ್ತಾ? ಕಿಟಕಿ ದೊಡ್ಡದು, ಗಾಳಿ ಬೇರೆ. ವಾಂತಿ ಬರುವವರಿಗೆ ಆ ಸೀಟು ಅಂತ ಎದುರುಮನೆಯಾಕೆ ಕಾನೂನು ಮಾಡಿದಳು. ಆ ವರ್ಷದಿಂದ ಬೀದಿಗೆ ಬೀದಿಯೇ ವಾಂತಿ ಶುರು ಮಾಡಿತು. ವಿಮಾ ಆಫೀಸಿನಲ್ಲಿ ಇದ್ದ ಮೂಲೆಮನೆ ಯಜಮಾನರಂತೂ, ಅಷ್ಟು ದೊಡ್ಡ ಮನುಷ್ಯ, ವ್ಯಾನು ಹೊರಡುವ ಮೊದಲೇ ನಿಂಬೆಹಣ್ಣು ಮೂಗಿಗೆ ಹಿಡಿದುಕೊಂಡು "ಅಬ್ಬಾ, ತಲೆ ಸುತ್ತುತ್ತಿದೆ" ಅಂದರು.

"ಸ್ವಾಮಿ, ಗಾಡಿ ಇನ್ನೂ ನಿಂತೇ ಇದೆ" ಅಂದೆ.

"ಹೊರಟ್ರೆ ಹೆಂಗಾಗತ್ತೆ ಅಂತ ನೆನೆಸ್ಕೊಂಡೆ ಕಣಮ್ಮ" ಅಂದರು.

ಡ್ರೈವರ್ ಶಿವಾಜಿನಗರದ ಸಾಬರು, ಆಗಿನ್ನೂ ತಲೆ ತುಂಬ ಕೂದಲಿತ್ತು. ಇದನ್ನೆಲ್ಲ ಕೇಳಿಸಿಕೊಂಡು ಬೀಡಿ ಆರಿಸಿ ಹೇಳಿದರು: "ಅಮ್ಮಾ, ನಂಗೂ ಚಿಕ್ಕ ವಯಸ್ಸಿಂದ ವಾಂತಿ ಬರ್ತದೆ. ಮುಂದಿನ ಸೀಟು ಯಾರೂ ಕೊಡ್ಲಿಲ್ಲ. ಅದಕ್ಕೇ ಡ್ರೈವಿಂಗ್ ಕಲ್ತಿದ್ದು."

ಧೂಳಿನ ಸಾಕ್ಷಿ

ಆ ಊರಿನ ಧೂಳು ಕುಂಕುಮದ ಬಣ್ಣದ್ದು. ಬಟ್ಟೆಗೆ ಹತ್ತಿದರೆ ಎಷ್ಟು ಕೊಡವಿದರೂ ಹೋಗುವುದಿಲ್ಲ. ಒಂದು ವರ್ಷ ಟೈಲರಮ್ಮನ ಮಗಳು ಬಿಳಿ ಚೂಡಿದಾರ ಹಾಕಿಕೊಂಡು ಬಂದಿದ್ದಳು. ದೊಮ್ಮಲೂರಿನ ಆಫೀಸಿಗೆ ಹೋಗುತ್ತಿದ್ದ ಮಹಡಿಮನೆ ಹುಡುಗ ಬಿಳಿ ಅಂಗಿ ಹಾಕಿದ್ದ. ಊಟದ ಹೊತ್ತಿಗೆ ಇಬ್ಬರೂ ಬೇರೆ ಬೇರೆ ದಿಕ್ಕಿನಿಂದ ಬಂದರು, ಒಬ್ಬರನ್ನೊಬ್ಬರು ಕಂಡೇ ಇಲ್ಲ ಅನ್ನುವ ಹಾಗೆ. ತಿರುಗಿ ನಿಂತರೆ ಇಬ್ಬರ ಬೆನ್ನ ಮೇಲೂ ಕೆಂಪು ಪಟ್ಟೆ.

"ಏನೇ ಅದು?" ಅಂದಳು ಟೈಲರಮ್ಮ.

"ಜಾರಿಬಿದ್ದೆ ಅಮ್ಮ."

"ನೀನೇನಪ್ಪಾ?" ಅಂತ ನಾನು ಹುಡುಗನನ್ನು ಕೇಳಿದೆ.

"ನಾನೂ ಜಾರಿದೆ ಆಂಟಿ."

ಜಾರಿದ್ದು ನಿಜವೇ ಇರಬೇಕು. ಆದರೆ ಒಂದೇ ಬಂಡೆಗೆ, ಅಕ್ಕಪಕ್ಕ, ಒರಗಿಕೊಂಡು ಜಾರಿದವರನ್ನು ನಾನು ಅವತ್ತೇ ನೋಡಿದ್ದು. ಈಗ ಅವರ ಮಗುವೇ ಸ್ಕೂಲಿಗೆ ಹೋಗುತ್ತಿದೆ. ಮದುವೆಗೆ ಕರೆಯಲು ಬಂದಾಗ ಟೈಲರಮ್ಮ "ಜಾತಕ ತುಂಬಾ ಚೆನ್ನಾಗಿ ಕೂಡಿ ಬಂತು" ಅಂದಳು. "ಗೊತ್ತು ಬಿಡೇ, ನೀನು ಜಾತಕ ತೋರಿಸೋಕೆ ಮುಂಚೆ ನಾವೆಲ್ಲ ಬೆನ್ನು ನೋಡಿದ್ವಲ್ಲ" ಅಂದೆ. ಆಮೇಲೆ ಊಟಕ್ಕೆ ನನ್ನನ್ನು ಕೊನೆಯ ಪಂಕ್ತಿಗೆ ಕೂರಿಸಿದಳು. ಒಬ್ಬಟ್ಟು ಮುಗಿದುಹೋಗಿತ್ತು.

ಯಾದಗಿರಿಯಾಕೆ

ಈ ವರ್ಷ ನಮ್ಮ ಹಿಂದಿನ ರೂಮಿನಲ್ಲಿ ಬಾಡಿಗೆಗಿರುವ ಯಾದಗಿರಿ ಕಡೆಯ ಹೆಂಗಸನ್ನೂ ಕರೆದುಕೊಂಡು ಹೋದೆವು. ಗರುಡಾಚಾರ್‌ಪಾಳ್ಯದ ಕಾರ್ಖಾನೆಗೆ ಹೋಗುವಾಕೆ, ಭಾನುವಾರ ಒಂದೇ ಬಿಡುವು. ಪಾಪ, ಹೊಸ ಸೀರೆ ಉಟ್ಟು, ಹೂವು ಮುಡಿದು ಬಂದಿದ್ದಳು. ವ್ಯಾನಿನಿಂದ ಇಳಿದು ಸುತ್ತ ಒಂದು ಸಲ ನೋಡಿದಳು. ಕೆಂಪು ಕಲ್ಲು, ಜಾಲಿಮುಳ್ಳು, ಸುಡುವ ಬಿಸಿಲು.

"ಅಕ್ಕಾರ, ನೋಡೂ ಜಾಗ ಇನ್ನ ಎಷ್ಟ್ ದೂರ ಐತ್ರೀ?"

"ಇದೇ ಕಣಮ್ಮ ಜಾಗ."

ಸೆರಗಿನಿಂದ ಮುಖ ಒರೆಸಿಕೊಂಡಳು. "ಇಂಥಾ ಕಲ್ಲಿಗೆ ನಮ್ಮೂರಾಗ ಎಮ್ಮಿ ಮೈ ತಿಕ್ಕೋತಾವ್ರೀ. ಇದನ್ನ ನೋಡಿ ನೋಡಿ ಸಾಕಾಗೇ ನಾ ಬೆಂಗಳೂರಿಗೆ ಬಂದಿದ್ದು. ನೀವು ರೊಕ್ಕಾ ಕೊಟ್ಟು ಮತ್ತ ಇಲ್ಲಿಗೇ ತಂದು ಬಿಟ್ರಲ್ಲ."

ಕೋತಿ ಕಾಟ

ಈಗ ಬಾಗಿಲಿಗೆ ಚಿಲಕ ಹಾಕಿಬಿಡಿ.

ಆ ಜಾಗದಲ್ಲಿ ಕೋತಿಗಳು ಬಹಳ. ಅದಕ್ಕೇ ನಾವೆಲ್ಲ ಕಣಿವೆ ನೋಡಲು ಹೊರಟರೆ ಎದುರುಮನೆಯಾಕೆ ಪ್ರತಿ ವರ್ಷವೂ ಮರದ ನೆರಳಿನಲ್ಲಿ ಪುಳಿಯೋಗರೆ ಪಾತ್ರೆಯ ಪಕ್ಕ ಕೋಲು ಹಿಡಿದು ಕೂತುಬಿಡುತ್ತಿದ್ದಳು. "ನೀವು ಹೋಗಿ ಬನ್ರೇ, ನಾನು ಆಮೇಲೆ ಒಬ್ಬಳೇ ಹೋಗಿ ನೋಡ್ಕೊಂಡ್ ಬರ್ತೀನಿ." ಎಂಥ ತ್ಯಾಗ ಅಂತ ಎಲ್ಲರೂ ಹೊಗಳುತ್ತಿದ್ದರು. ನಾನೂ ಹೊಗಳಿದ್ದೇನೆ.

ಈ ಸಲ ಯಾದಗಿರಿಯಾಕೆ ಕೋಲು ಕೈಗೆ ತೆಗೆದುಕೊಂಡಳು. "ನೀವು ಹೋಗ್ರೀ ಅಕ್ಕಾರ. ಬುತ್ತಿ ನಾ ಕಾಯ್ತೀನಿ. ನನಗ ಕಲ್ಲು ನೋಡೂದು ಏನಿಲ್ಲ."

ಎದುರುಮನೆಯಾಕೆಯ ಮುಖ ಬಿಳಿಚಿತು. ಬೇಡ ಅನ್ನಲು ದಾರಿಯಿಲ್ಲ. ಕಣ್ಣಿನ ಪೊರೆ ತೆಗೆಸಿದಾಗ ಕೊಟ್ಟಿದ್ದ ಕಪ್ಪು ಕನ್ನಡಕ ಏರಿಸಿ, ನನ್ನ ಕೈ ಹಿಡಿದು ನಡೆದಳು. ಅಂಚಿನಲ್ಲಿ ಬೇಲಿಯಿಲ್ಲ, ಕಟಕಟೆಯಿಲ್ಲ. ಎಲ್ಲರೂ ನಿಂತರು, ಆಕೆ ಜಗಲಿಯ ಮೇಲೆ ಮಾಡುವಂತೆಯೇ ವರ್ಣನೆ ಶುರು ಮಾಡಿದಳು. "ನೋಡ್ರೇ, ನದಿ ಹೆಂಗೆ ಹೊರಳತ್ತೆ ಅಲ್ಲಿ" ಅಂತ ಬೆರಳು ತೋರಿಸಿದಳು. ಬೆರಳು ತೋರಿಸಿದ ಕಡೆ ನಮ್ಮ ವ್ಯಾನು ನಿಂತಿತ್ತು, ಅದರ ಹಿಂದೆ ಮೂಲೆಮನೆ ಯಜಮಾನರು ಮರೆಗೆ ನಿಂತಿದ್ದರು.

ನಾನು ಕನ್ನಡಕದ ಸಂದಿಯಿಂದ ಇಣುಕಿದೆ. ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿದ್ದವು.

"ಏನೇ ಇದು?" ಅಂತ ಕಿವಿಯಲ್ಲಿ ಕೇಳಿದೆ.

"ಎತ್ತರ ಕಂಡ್ರೆ ಕಾಲು ನಡುಗತ್ತೆ ಕಣೇ. ಯಾವತ್ತೂ ನೋಡಿಲ್ಲ ನಾನು ಇದನ್ನ. ವಾಪಸ್ ಬರೋವಾಗ ವ್ಯಾನಲ್ಲಿ ಮಕ್ಕಳು ಮಾತಾಡ್ಕೊಳ್ಳೋದು ಕೇಳಿಸ್ಕೊಂಡು ಹೇಳ್ತಿದ್ದೆ. ನಿನ್ನ ದಮ್ಮಯ್ಯ, ಯಾರಿಗೂ ಹೇಳ್ಬೇಡ."

ತಾಯಾಣೆ ಹೇಳುವುದಿಲ್ಲ ಅಂದೆ. ಹೇಳಲೂ ಇಲ್ಲ. ಟೈಲರಮ್ಮನಿಗೆ ಮಾತ್ರ ಹೇಳಿದೆ, ಆಕೆ ಪಕ್ಕದಲ್ಲೇ ಕೂತಿದ್ದಳಲ್ಲ. ವಾಪಸು ಬರುವ ದಾರಿಯಲ್ಲಿ ಟೀಗೆ ನಿಲ್ಲಿಸಿದಾಗ ಡ್ರೈವರ್ ಸಾಬರು ಎದುರುಮನೆಯಾಕೆಗೆ ಗ್ಲಾಸು ಚಾಚಿ, "ತಗೊಳ್ಳಿ ಅಮ್ಮಾ, ಕಣ್ಣು ಬಿಟ್ಟು ಕುಡೀರಿ, ಬಿಸಿ ಇದೆ" ಅಂದರು. ಎಲ್ಲರೂ ನಕ್ಕರು. ಫ್ಲ್ಯಾಟಿನ ಒಬ್ಬಳು "ಹಂಗಾದ್ರೆ ಮುಂದಿನ ವರ್ಷ ಟೂರು ನಾವೇ ನೋಡ್ಕೋತೀವಿ ಬಿಡಿ" ಅಂದಳು.

ಆಕೆ ಟೀ ಪೂರ್ತಿ ಕುಡಿದು, ಗ್ಲಾಸು ಕೆಳಗಿಟ್ಟು, ನೇರ ನನ್ನ ಮುಂದೆ ಬಂದು ನಿಂತಳು.

"ನಾನು ನೋಡಿಲ್ಲ, ಸರಿ. ನೀನು ಪ್ರತಿ ವರ್ಷ ಅಂಚಲ್ಲಿ ನಿಂತಿದ್ದೀಯಲ್ಲ. ಹೇಳು, ಆಚೆ ದಡದಲ್ಲಿ ಏನಿದೆ?"

ನಾನು ಬಾಯಿ ತೆರೆದೆ. ಟೈಲರಮ್ಮನ ಮಗಳ ಬೆನ್ನು ನೆನಪಿದೆ, ಮೂಲೆಮನೆ ಯಜಮಾನರ ನಿಂಬೆಹಣ್ಣು ನೆನಪಿದೆ. ಆಚೆ ದಡ ಮಾತ್ರ, ಏನು ಮಾಡಿದರೂ ನೆನಪಿಗೆ ಬರಲಿಲ್ಲ.

ಆಗ ಆಕೆ, ವ್ಯಾನಿನಲ್ಲಿ ಸೀಟು ಹಂಚುವ ಅದೇ ದನಿಯಲ್ಲಿ, ನನ್ನ ಮುಖಕ್ಕೇ ಹೇಳಿದಳು: "ಮುಂದಿನ ವರ್ಷ ನಾನು ಕಣ್ಣು ಬಿಟ್ಟು ನೋಡ್ತೀನಿ. ಬುತ್ತಿ ಹತ್ರ ನೀನು ಕೂತ್ಕೋ. ಕೋತಿಗಳ ಸಂಸಾರದಲ್ಲೂ ಏನಾದ್ರೊಂದು ನಡೀತಿರತ್ತೆ, ನಿಂಗೆ ಹೊತ್ತು ಹೋಗತ್ತೆ."