ಪರಿವೀಕ್ಷಕರ ಕಣ್ಣಿಗೆ ಎರಡು ಹನಿ

ನಮ್ಮ ಕಟ್ಟಡ ಸುರಕ್ಷತಾ ಕಚೇರಿಯ ಪರಿವೀಕ್ಷಕರು ಪೂರ್ವಾನುಮತಿ ಪಡೆಯದೆ ತಮ್ಮ ದೃಷ್ಟಿಯನ್ನು ಸರಿಪಡಿಸಿಕೊಂಡಿರುವುದು ಮೇಲಧಿಕಾರಿಗಳ ಗಮನಕ್ಕೆ ಬಂದಿದೆ. ಇಂಥ ಅಶಿಸ್ತು ಈ ಕಚೇರಿಯಲ್ಲಿ ಇದೇ ಮೊದಲು.

ಕಣ್ಣಾಸ್ಪತ್ರೆಯವರು ಮೂರು ಬಗೆಯ ಲೇಸರ್ ಚಿಕಿತ್ಸೆ ವಿವರಿಸಿದ್ದರಂತೆ: ಕಣ್ಣಿನ ಪದರವನ್ನು ಮುಚ್ಚಳದ ಹಾಗೆ ಎತ್ತಿ ಮಾಡುವುದು, ಮೇಲ್ಪದರವನ್ನು ಸವರಿ ತೆಗೆದು ಮಾಡುವುದು, ಸಣ್ಣ ಸೀಳಿನಲ್ಲೇ ಮುಗಿಸುವುದು. ಇವರು ಮುಚ್ಚಳದ್ದನ್ನು ಆರಿಸಿಕೊಂಡರು. ಸುಮ್ಮನಿರಬೇಕೋ ಬೇಡವೋ! ಕೆಲಸಕ್ಕೆ ಮರಳಿದವರೇ, ಹಿಂದೆ ತಾವೇ ‘ಭದ್ರ’ ಎಂದು ಬರೆದಿದ್ದ ಶಾಲೆಗೆ ಹೋಗಿ ನಾಲ್ಕನೇ ತರಗತಿಯ ಚಾವಣಿಯಲ್ಲಿ ಬಿರುಕು ನೋಡಿಬಿಟ್ಟರು. ಅವರ ಮಗಳು ಕೂರುವುದು ಅದರ ಕೆಳಗೇ. ಪಾಪ, ಎದ್ದೆನೋ ಬಿದ್ದೆನೋ ಎಂದು ಓಡಿ ಬಂದರು.

“ಸಾರ್, ಕೈ ತೂರುವಷ್ಟು ಬಿರುಕು!”

“ಆಪರೇಷನ್‌ಗೆ ಮುಂಚೆ ಇತ್ತೇನ್ರೀ?” ಎಂದರು ಮೇಲಧಿಕಾರಿ.

“ಕಾಣ್ತಿರಲಿಲ್ಲ ಸಾರ್.”

“ಮತ್ತೆ? ಬಿರುಕು ಬಂದಿರೋದು ನಿಮ್ಮ ಆಪರೇಷನ್‌ನಿಂದ. ಕಟ್ಟಡವನ್ನ ಯಾಕ್ರೀ ದೂರ್ತೀರಾ?”

ಆ ಮಾತಿನಲ್ಲಿ ನಮಗ್ಯಾರಿಗೂ ತಪ್ಪು ಕಾಣಲಿಲ್ಲ. ಮೇಲಧಿಕಾರಿ ಖುದ್ದಾಗಿ ಕಣ್ಣಿನ ಡಾಕ್ಟರಿಗೆ ಫೋನ್ ಮಾಡಿ, ದೃಷ್ಟಿಯನ್ನು ಮೊದಲಿನಂತೆ ಮಾಡುವ ನಾಲ್ಕನೇ ಬಗೆ ಇದೆಯೇ ಎಂದು ವಿಚಾರಿಸಿದರು. ಅದಿನ್ನೂ ಬಂದಿಲ್ಲವೆಂದು ಡಾಕ್ಟರು ವಿಷಾದಿಸಿದರು. ಆದರೆ ಕಣ್ಣಿನ ತಪಾಸಣೆಗೆ ಮುಂಚೆ ಪಾಪೆ ಹಿಗ್ಗಿಸಲು ಹನಿ ಹಾಕುತ್ತಾರಲ್ಲ, ಅದರಿಂದ ಅರ್ಧ ದಿನ ಎಲ್ಲವೂ ಮಂಜುಮಂಜು ಎಂದು ಬಾಯಿತಪ್ಪಿ ಹೇಳಿದರು. ಮೇಲಧಿಕಾರಿಗೆ ಕುರುಡನಿಗೆ ಕಣ್ಣು ಬಂದಷ್ಟು ಸಂತೋಷವಾಯಿತು.

ಸಂಜೆಯೇ ಸುತ್ತೋಲೆ ಹೊರಟಿತು: “ಕಟ್ಟಡ ಪರಿಶೀಲನೆಗೆ ಮುನ್ನ ಒಂದೊಂದು ಕಣ್ಣಿಗೂ ಎರಡೆರಡು ಹನಿ ಕಡ್ಡಾಯ. ಹನಿ ಹಾಕಿಸಿಕೊಳ್ಳದೆ ಕಂಡದ್ದನ್ನು ಕಂಡಿತೆಂದು ಪರಿಗಣಿಸತಕ್ಕದ್ದಲ್ಲ.”

ಪರಿವೀಕ್ಷಕರು ಮೊದಮೊದಲು ಒದ್ದಾಡಿದರು. ಕೆಲಸ ಹೋದೀತೆಂದಾಗ ಹನಿ ಹಾಕಿಸಿಕೊಂಡರು. ಗೋಡೆ ಹಿಡಿದುಕೊಂಡೇ ತರಗತಿಯೊಳಗೆ ಹೋದರು, ಚಾವಣಿ ನೋಡಿದರು, ‘ಭದ್ರ’ ಎಂದು ಬರೆದರು. ಆ ರಾತ್ರಿ ಒಳ್ಳೆ ನಿದ್ದೆ ಬಂತಂತೆ. ಅದೇ ತರಗತಿಯಲ್ಲಿ ನಡೆದ ಪೋಷಕರ ಸಭೆಗೆ ಬಂದವರಿಗೂ ಬಾಗಿಲಲ್ಲೇ ಹನಿ ಹಾಕಲಾಯಿತು. ಒಬ್ಬರನ್ನೊಬ್ಬರು ತಡವಿಕೊಂಡು ಕೂತು, ಇಷ್ಟು ನಯವಾದ ಚಾವಣಿ ಬೇರೆಲ್ಲೂ ಇಲ್ಲವೆಂದು ಹೊಗಳಿದರು.

ತಕರಾರು ಬಂದದ್ದು ಪರಿವೀಕ್ಷಕರ ಮಗಳಿಂದ.

“ಅಪ್ಪಾ, ನನ್ನ ಬೆಂಚಿಂದ ಆಕಾಶ ಕಾಣುತ್ತೆ.”

ಸಭೆ ಗಂಭೀರವಾಯಿತು. “ಅಯ್ಯೋ, ಇಷ್ಟು ಚಿಕ್ಕ ವಯಸ್ಸಿಗೇ!” ಎಂದು ಮುಖ್ಯೋಪಾಧ್ಯಾಯಿನಿ ಲೊಚಗುಟ್ಟಿದರು. ಪರಿವೀಕ್ಷಕರು ತಡಮಾಡಲಿಲ್ಲ. ಹನಿಯ ಸೀಸೆ ಇಸಿದುಕೊಂಡು, ಮಗಳ ಗಲ್ಲವನ್ನು ಮೆಲ್ಲಗೆ ಎತ್ತಿ ಹಿಡಿದರು.

“ಮೇಲೆ ನೋಡು ಪುಟ್ಟಿ,” ಎಂದರು. “ಏನೂ ಆಗಲ್ಲ.”